ವಾದ್ಯಕ್ಕೆಲ್ಲಿಯ ಕುಲ?

ನಮ್ಮ ತಾಳವಾಡಿ ಬೆಟ್ಟಸೀಮೆಯ ಕನ್ನಡ ಶಾಲೆಗಳಲ್ಲಿ ವಾರ್ಷಿಕೋತ್ಸವದ ಕಾಲ ಸಮೀಪಿಸಿತೆಂದರೆ ಸಂಗೀತದ ವಿಷಯವಾಗಿ ಮೂರು ಮಾತುಗಳು ತಪ್ಪದೆ ಕೇಳಿಬರುತ್ತವೆ. ವಿದೇಶೀ ವಾದ್ಯ ಕನ್ನಡದ ವೇದಿಕೆಗೆ ಸಲ್ಲದು ಎಂಬುದು ಮೊದಲನೆಯದು. ಕೇರಿಯ ತಮಟೆ ಶಾಲೆಯ ಅಂಗಳಕ್ಕೆ ಸಲ್ಲದು ಎಂಬುದು ಎರಡನೆಯದು. ಪರೀಕ್ಷೆಯಲ್ಲಿಲ್ಲದ ವಿದ್ಯೆಗೆ ಪಾಠದ ವೇಳೆಯನ್ನು ಕಳೆಯುವುದು ಸಲ್ಲದು ಎಂಬುದು ಮೂರನೆಯದು. ಈ ಮೂರು ಸಲ್ಲದುಗಳ ನಡುವೆ ಕಟ್ಟಕಡೆಗೆ ಸಲ್ಲುವುದು ಯಾವುದು? ಬಾಡಿಗೆಗೆ ತಂದ ಧ್ವನಿವರ್ಧಕ, ಮತ್ತು ಅದರೊಳಗಿಂದ ಮೊಳಗುವ ಯಾರೋ ಹಾಡಿದ ಹಾಡು. ಮಕ್ಕಳು ಅದಕ್ಕೆ ಕೈಕಾಲಾಡಿಸುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ಅಲ್ಲಿಗೆ ನಮ್ಮ ಸಂಗೀತಸೇವೆ ಮುಗಿಯಿತು.

ಈ ಮೂರು ಮಾತುಗಳೂ ಸುಳ್ಳೆಂದು ತೋರಿಸುವುದು ಈ ಲೇಖನದ ಉದ್ದೇಶ. ಅದಕ್ಕಾಗಿ ಇಬ್ಬರು ವಾದ್ಯಗಾರರ ಬಾಳನ್ನು ಸಾಕ್ಷಿಗೆ ಕರೆಯುತ್ತೇನೆ. ಒಬ್ಬರು ನಮ್ಮ ಕರಾವಳಿಯವರು, ಮತ್ತೊಬ್ಬರು ಕಡಲಾಚೆಯವರು. ಇವರು ಒಬ್ಬರನ್ನೊಬ್ಬರು ಕಂಡವರೆಂದು ನಾನು ಹೇಳುತ್ತಿಲ್ಲ. ಆದರೂ ಇಬ್ಬರ ಬಾಳೂ ಒಂದೇ ಪಾಠವನ್ನು ಹೇಳುತ್ತದೆ.

ವಿದೇಶೀ ವಾದ್ಯದ ಮಾತನ್ನು ಮೊದಲು ಎತ್ತಿಕೊಳ್ಳೋಣ. ಇದನ್ನು ಆಡುವವರು ಪಿಟೀಲನ್ನು ಏನೆಂದು ಕರೆಯುತ್ತಾರೆ? ಸುಮಾರು ಇನ್ನೂರು ವರ್ಷಗಳ ಹಿಂದೆ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಐರೋಪ್ಯರಿಂದ ಪಿಟೀಲನ್ನು ಕಲಿತರು. ಇಂದು ಪಿಟೀಲಿಲ್ಲದ ಕಚೇರಿಯನ್ನು ಊಹಿಸುವುದೇ ಕಷ್ಟ. ನಮಗೆ ಅಷ್ಟೇನೂ ದೂರವಲ್ಲದ ತಿರುಮಕೂಡಲಿನಲ್ಲಿ ಹುಟ್ಟಿದ ಟಿ. ಚೌಡಯ್ಯನವರು (೧೮೯೫-೧೯೬೭) ನಾಲ್ಕು ತಂತಿಯ ಆ ಪರದೇಶಿಗೆ ಏಳು ತಂತಿಗಳನ್ನು ಹೂಡಿ, ಧ್ವನಿವರ್ಧಕವಿಲ್ಲದ ಕಾಲದ ದೊಡ್ಡ ಸಭೆಗಳಿಗೆ ನಾದವನ್ನು ಮುಟ್ಟಿಸಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಭವನವನ್ನು ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ್ದಾರೆ. ಆ ಭವನದ ಮುಂದೆ ನಿಂತು ಇದು ವಿದೇಶೀ ವಾದ್ಯ ಎಂದು ಹೇಳುವ ಕನ್ನಡಿಗನುಂಟೆ?

ಹಾರ್ಮೋನಿಯಂ ಪೆಟ್ಟಿಗೆಯ ಕಥೆಯೂ ಹೀಗೆಯೇ. ಗಮಕ ನುಡಿಯಲಾರದೆಂಬ ಆಪಾದನೆಯ ಮೇಲೆ ಆಕಾಶವಾಣಿ ೧೯೪೦ರಲ್ಲಿ ಅದನ್ನು ಬಹಿಷ್ಕರಿಸಿತು. ಸುಮಾರು ಮೂರು ದಶಕಗಳ ಕಾಲ ಆ ಬಾಗಿಲು ತೆರೆಯಲಿಲ್ಲ. ಅದೇ ಕಾಲದಲ್ಲಿ ನಮ್ಮ ನಾಟಕ ಕಂಪೆನಿಗಳು ಆ ಪೆಟ್ಟಿಗೆಯ ಶ್ರುತಿಯ ಮೇಲೆಯೇ ಊರೂರು ತಿರುಗಿ ಕನ್ನಡದ ರಂಗಗೀತೆಗಳನ್ನು ಹಳ್ಳಿಗರ ನಾಲಗೆಗೆ ತಂದವು. ಬಹಿಷ್ಕಾರ ಹಾಕಿದವರು ವಾದ್ಯದ ಜನ್ಮವನ್ನು ವಿಚಾರಿಸುತ್ತ ಕುಳಿತರು. ನುಡಿಸಿದವರು ಅದರಿಂದ ಕೆಲಸ ತೆಗೆದರು.

ಈಗ ನನ್ನ ಮೊದಲ ಸಾಕ್ಷಿಯಾದ ಕದ್ರಿ ಗೋಪಾಲನಾಥರು. ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ೧೯೪೯ರಲ್ಲಿ ಹುಟ್ಟಿದವರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನ ಮೊದಲ ವಿದ್ಯೆಯೂ ನಾಗಸ್ವರವೇ. ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಆ ಹುಡುಗ ಸ್ಯಾಕ್ಸೊಫೋನನ್ನು ಕಂಡು, ಅದರ ನಾದವನ್ನು ಕೇಳಿ, ಅದನ್ನೇ ನುಡಿಸುವೆನೆಂದು ಹಟ ತೊಟ್ಟನು. ಅಡಾಲ್ಫ್ ಸ್ಯಾಕ್ಸ್ ಎಂಬ ಬೆಲ್ಜಿಯಂ ದೇಶದ ವಾದ್ಯಶಿಲ್ಪಿ ೧೮೪೬ರಲ್ಲಿ ಸ್ವಾಮ್ಯಪತ್ರ ಪಡೆದ ಆ ಹಿತ್ತಾಳೆಯ ಕೊಳವೆ ದಂಡಿನ ಬ್ಯಾಂಡುಗಳನ್ನೂ ಅಮೆರಿಕದ ಜಾಝ್ ಮೇಳಗಳನ್ನೂ ಆಗಲೇ ಸುತ್ತಿ ಬಂದಿತ್ತು. ತ್ಯಾಗರಾಜರ ಕೃತಿಗಳಿಗೂ ಅದಕ್ಕೂ ಏನು ಸಂಬಂಧ?

ಹಟವೊಂದರಿಂದ ಆಗುವ ಕೆಲಸ ಇದಾಗಿರಲಿಲ್ಲ. ನಾಗಸ್ವರದ ರಂಧ್ರಗಳನ್ನು ಬೆರಳೇ ಮುಚ್ಚುತ್ತದೆ. ಅರೆ ಮುಚ್ಚಿ, ಅರೆ ತೆರೆದು, ಬೆರಳನ್ನು ಜಾರಿಸಿ ಸ್ವರದಿಂದ ಸ್ವರಕ್ಕೆ ಹೊಳೆಯಂತೆ ಹರಿಯಬಹುದು. ಸ್ಯಾಕ್ಸೊಫೋನಿನಲ್ಲಿ ರಂಧ್ರದ ಮೇಲೆ ಲೋಹದ ಮುಚ್ಚಳವಿದೆ, ಮುಚ್ಚಳಕ್ಕೆ ಸನ್ನೆಗೋಲಿದೆ. ಬೆರಳು ಒತ್ತುವುದು ಆ ಕೀಲನ್ನು. ಅದು ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ವಾದ್ಯ. ಕರ್ಣಾಟಕ ಸಂಗೀತವಾದರೋ ಮೆಟ್ಟಿಲುಗಳ ನಡುವಣ ಜಾಗದಲ್ಲಿಯೇ ಬಾಳುವಂಥದು. ತುಟಿಯ ಬಿಗಿತ, ಉಸಿರಿನ ಒತ್ತಡ, ಕೀಲುಗಳ ಅರೆಚಲನೆ ಇವುಗಳಿಂದ ಆ ನಡುವಣ ಜಾಗವನ್ನು ತುಂಬಲು ಗೋಪಾಲನಾಥರಿಗೆ ಸುಮಾರು ಇಪ್ಪತ್ತು ವರ್ಷಗಳು ಹಿಡಿದವು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತರು. ಮದರಾಸಿಗೆ ಹೋಗಿ ಟಿ. ವಿ. ಗೋಪಾಲಕೃಷ್ಣನ್ ಅವರ ಶಿಷ್ಯರಾದರು. ಇಪ್ಪತ್ತು ವರ್ಷಗಳೆಂದರೆ, ಒಂದನೆಯ ತರಗತಿಗೆ ಸೇರಿದ ಮಗು ಪದವಿ ಮುಗಿಸಿ, ಕೆಲಸಕ್ಕೆ ಸೇರಿ, ಮದುವೆಯ ಮಾತನಾಡುವಷ್ಟು ಕಾಲ. ಅಷ್ಟು ಕಾಲ ಒಂದೇ ಕೊಳವೆಯೊಡನೆ ಹೆಣಗಿದ ಮೇಲೆ ಅದು ಯಾರ ದೇಶದ್ದೆಂದು ಕೇಳುವ ಹಕ್ಕು ಯಾರಿಗಿದೆ?

೧೯೮೦ರಲ್ಲಿ ಮುಂಬಯಿಯಲ್ಲಿ ಜಾಝ್ ಉತ್ಸವ ನಡೆದಾಗ ಕ್ಯಾಲಿಫೋರ್ನಿಯದ ಜಾನ್ ಹ್ಯಾಂಡಿ ಎಂಬ ಜಾಝ್ ಸ್ಯಾಕ್ಸೊಫೋನ್ ವಾದಕರು ಗೋಪಾಲನಾಥರನ್ನು ಕೇಳಿ, ಅವರ ಜತೆಯಲ್ಲಿ ನುಡಿಸಲು ತಾವಾಗಿಯೇ ಇಚ್ಛಿಸಿದರು. ೧೯೯೪ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿ.ಬಿ.ಸಿ. ಪ್ರೊಮೆನೇಡ್ ಕಚೇರಿಗೆ ಅವರಿಗೆ ಕರೆ ಬಂದಿತು. ಅದೇ ವರ್ಷ 'ಡ್ಯುಯೆಟ್' ಎಂಬ ತಮಿಳು ಚಿತ್ರದಲ್ಲಿ ಎ. ಆರ್. ರೆಹಮಾನ್ ಅವರ ಸಂಗೀತಕ್ಕೆ ನುಡಿಸಿ, ಕಚೇರಿಯ ಹೊಸ್ತಿಲು ತುಳಿಯದವರ ಮನೆಗಳನ್ನೂ ಮುಟ್ಟಿದರು. ೨೦೦೪ರಲ್ಲಿ ಪದ್ಮಶ್ರೀ ಬಂದಿತು. ೨೦೧೯ರ ಅಕ್ಟೋಬರ್ ೧೧ರಂದು ಮಂಗಳೂರಿನಲ್ಲಿ ತೀರಿಕೊಂಡರು.

ಇಲ್ಲೊಂದು ತಪ್ಪು ಹೊಗಳಿಕೆಯನ್ನೂ ತಡೆಯಬೇಕಾಗಿದೆ. ಕದ್ರಿಯವರು ಜಾಝ್ ಕಲಿತು ಪಾಶ್ಚಾತ್ಯರನ್ನು ಗೆದ್ದರು ಎಂದು ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ಅದು ಹಾಗಲ್ಲ. ಅವರು ಜಾಝ್ ವಾದಕರ ಪಕ್ಕದಲ್ಲಿ ಕುಳಿತು ನುಡಿಸಿದ್ದು ನಮ್ಮ ರಾಗಗಳನ್ನು. ಜಾಝ್‌ನವರೇ ಇತ್ತ ಬಂದರು. ಕರ್ನಾಟಕ ಮೂಲದ ಕುಟುಂಬದಲ್ಲಿ ಇಟಲಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಎಂಬ ಜಾಝ್ ವಾದಕರಿದ್ದಾರೆ, ಅವರದೂ ಸ್ಯಾಕ್ಸೊಫೋನೇ. ಸಂಗೀತ ಓದುತ್ತಿದ್ದ ದಿನಗಳಲ್ಲಿ ಅವರ ಸಹೋದರ ತಮಾಷೆಗೆಂದು ಕೊಟ್ಟ ಒಂದು ಧ್ವನಿಮುದ್ರಿಕೆ ಕದ್ರಿಯವರದು. ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. ಆ ತರುಣ ಕದ್ರಿಯವರನ್ನು ಹುಡುಕಿಕೊಂಡು ಬಂದು, ಅವರೊಡನೆ ಕಲೆತು, ೨೦೦೮ರಲ್ಲಿ 'ಕಿನ್ಸ್‌ಮೆನ್' ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ಬಂಧುಗಳು ಎಂಬುದು ಆ ಹೆಸರಿನ ಅರ್ಥ. ಮನೆಮಾತಿನ ನೆಲದಿಂದ ಸಾವಿರಾರು ಮೈಲಿ ದೂರ ಬೆಳೆದವರಿಗೆ ಬಂಧುತ್ವವನ್ನು ತೋರಿಸಿಕೊಟ್ಟದ್ದು ವಿದೇಶೀ ವಾದ್ಯವೇ ಎಂಬುದನ್ನು ಮಡಿವಂತರು ಗಮನಿಸಲಿ.

ಇದಕ್ಕೆ ಪ್ರತಿಯಾಗಿ ಒಂದು ನ್ಯಾಯವಾದ ಆಕ್ಷೇಪಣೆಯುಂಟು, ಅದನ್ನು ಮರೆಮಾಚಲಾರೆ. ಕರಾವಳಿಯ ಮದುವೆಗಳಲ್ಲಿಯೂ ಉತ್ಸವಗಳಲ್ಲಿಯೂ ಇಂದು ಸ್ಯಾಕ್ಸೊಫೋನ್ ಸಾಮಾನ್ಯವಾಗಿದೆ. ನಾಗಸ್ವರದ ಜಾಗಕ್ಕೆ ಅದು ಬಂದು ಕುಳಿತಿತೆಂದು ಹಿರಿಯರು ನೊಂದುಕೊಳ್ಳುತ್ತಾರೆ. ನೋವು ನಿಜ, ಆದರೆ ಅಪರಾಧಿ ಸ್ಯಾಕ್ಸೊಫೋನಲ್ಲ. ನಾಗಸ್ವರದವರ ಮಕ್ಕಳಿಗೆ ನಾಗಸ್ವರ ಕಲಿಯುವ ಗೌರವವನ್ನು ನಾವು ಉಳಿಸಿದೆವೆ? ಅದನ್ನು ಇತರರ ಮಕ್ಕಳ ಕೈಗೆ ಕೊಟ್ಟೆವೆ? ಇಲ್ಲ. ವಾದ್ಯ ಸಾಯುವುದು ಹೊರಗಿನ ವಾದ್ಯ ಬಂದುದರಿಂದಲ್ಲ, ಒಳಗಿನವರು ಕೈಬಿಟ್ಟುದರಿಂದ. ಈ ಉತ್ತರವೇ ನಮ್ಮನ್ನು ಎರಡನೆಯ ಸಲ್ಲದಿಗೆ, ಕೇರಿಯ ತಮಟೆಗೆ, ಕರೆದೊಯ್ಯುತ್ತದೆ.

ತಮಟೆ ಶಾಲೆಗೆ ಸಲ್ಲದು ಎನ್ನುವವರ ಮುಂದೆ ನನ್ನ ಎರಡನೆಯ ಸಾಕ್ಷಿ ಲಯನಲ್ ಹ್ಯಾಂಪ್ಟನ್. ೧೯೦೮ರಲ್ಲಿ ಹುಟ್ಟಿದ ಅಮೆರಿಕದ ಕರಿಯ ಜನಾಂಗದ ಈ ವಾದಕರು ವೈಬ್ರಫೋನ್ ಎಂಬ ವಾದ್ಯಕ್ಕೆ ಜಾಝ್ ಸಂಗೀತದಲ್ಲಿ ಪೀಠ ಹಾಕಿಕೊಟ್ಟವರು. ವೈಬ್ರಫೋನನ್ನು ಕಾಣದ ವಿದ್ಯಾರ್ಥಿಗಳು ನಮ್ಮ ಜಲತರಂಗವನ್ನು ನೆನೆಯಬಹುದು. ಅಲ್ಲಿ ನೀರು ತುಂಬಿದ ಪಿಂಗಾಣಿ ಬಟ್ಟಲುಗಳು, ಇಲ್ಲಿ ಅಲ್ಯುಮಿನಿಯಂ ಮಿಶ್ರಲೋಹದ ಪಟ್ಟಿಗಳು. ಎರಡನ್ನೂ ಕೋಲಿನಿಂದ ಬಡಿದು ನುಡಿಸುವುದು. ಪ್ರತಿಯೊಂದು ಪಟ್ಟಿಯ ಕೆಳಗೆ ಒಂದು ಕೊಳವೆ ತೂಗುತ್ತದೆ. ಕೊಳವೆಯ ಬಾಯಲ್ಲಿ ಒಂದು ಪುಟ್ಟ ಬಿಲ್ಲೆ. ವಿದ್ಯುತ್ ಯಂತ್ರವೊಂದು ಅದನ್ನು ತಿರುಗಿಸುತ್ತದೆ. ಬಿಲ್ಲೆ ಬಾಯನ್ನು ಮುಚ್ಚಿ ತೆರೆದಂತೆ ನಾದ ತಗ್ಗಿ ಹೆಚ್ಚಿ ಅಲೆಯಲೆಯಾಗಿ ಕೇಳುತ್ತದೆ. ಕಾಲಿನ ಮೆಟ್ಟುಪಟ್ಟಿಯನ್ನು ಅದುಮಿದರೆ ನಾದ ಉಳಿಯುತ್ತದೆ, ಬಿಟ್ಟರೆ ಅಡಗುತ್ತದೆ. ೧೯೨೦ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡಾಗ ಅದು ರಂಗಮಂದಿರದ ಒಂದು ಚಮತ್ಕಾರದ ವಸ್ತುವಾಗಿತ್ತೇ ಹೊರತು ಗಂಭೀರ ವಾದ್ಯವೆಂದು ಯಾರೂ ಬಗೆದಿರಲಿಲ್ಲ.

ಹ್ಯಾಂಪ್ಟನ್ನರು ಎಲ್ಲಿ ಕಲಿತರು? ಉಪಾಧ್ಯಾಯ ಬಂಧುಗಳು ಇಲ್ಲಿ ಕಿವಿಗೊಡಬೇಕು. ಬಾಲಕನಾಗಿದ್ದಾಗ ಕ್ಯಾಥೊಲಿಕ್ ಶಾಲೆಯೊಂದರಲ್ಲಿ ಸನ್ಯಾಸಿನಿಯೊಬ್ಬರು ಆತನ ಕೈಗೆ ಚರ್ಮವಾದ್ಯದ ಕೋಲುಗಳನ್ನು ಕೊಟ್ಟು ಪಟ್ಟುಗಳನ್ನು ಹೇಳಿಕೊಟ್ಟರು. ಬಳಿಕ ಶಿಕಾಗೊ ನಗರದಲ್ಲಿ 'ಶಿಕಾಗೊ ಡಿಫೆಂಡರ್' ಎಂಬ ಕರಿಯರ ಪತ್ರಿಕೆ ತನ್ನನ್ನು ಮಾರುವ ಹುಡುಗರಿಗಾಗಿ ಒಂದು ಬ್ಯಾಂಡನ್ನು ನಡೆಸುತ್ತಿತ್ತು. ಮೇಜರ್ ಕ್ಲಾರ್ಕ್ ಸ್ಮಿತ್ ಎಂಬವರು ಅದರ ಗುರುಗಳು. ಪತ್ರಿಕೆ ಮಾರುತ್ತ ಹ್ಯಾಂಪ್ಟನ್ ಆ ಬ್ಯಾಂಡಿನಲ್ಲಿ ಪಳಗಿದರು. ೧೯೩೦ರಲ್ಲಿ ಲಾಸ್ ಏಂಜಲೀಸಿನ ಧ್ವನಿಮುದ್ರಣಾಲಯವೊಂದರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಅವರು ಮೂಲೆಯಲ್ಲಿದ್ದ ವೈಬ್ರಫೋನನ್ನು ತೋರಿಸಿ, ಇದನ್ನು ನುಡಿಸಬಲ್ಲೆಯಾ ಎಂದು ಈ ಡೋಲುಗಾರನನ್ನು ಕೇಳಿದರು. ಈತ ನುಡಿಸಿದ. ಆ ದಿನದ ಮುದ್ರಿಕೆಯಿಂದ ವೈಬ್ರಫೋನಿನ ಜಾಝ್ ಇತಿಹಾಸ ಆರಂಭವಾಗುತ್ತದೆ.

೧೯೩೬ರಲ್ಲಿ ಬೆನ್ನಿ ಗುಡ್‌ಮನ್ ಅವರ ನಾಲ್ವರ ಮೇಳಕ್ಕೆ ಹ್ಯಾಂಪ್ಟನ್ ಸೇರಿದರು. ಇಬ್ಬರು ಬಿಳಿಯರು, ಇಬ್ಬರು ಕರಿಯರು. ಒಂದೇ ಹೋಟೆಲಿನಲ್ಲಿ ಉಣ್ಣಲು ಬಿಡದ ಆ ದೇಶದಲ್ಲಿ ನಾಲ್ವರೂ ಒಂದೇ ವೇದಿಕೆಯ ಮೇಲೆ ಕುಳಿತು ನುಡಿಸಿದರು. ೨೦೦೨ರಲ್ಲಿ ತೀರಿಕೊಳ್ಳುವ ಮುನ್ನವೇ, ೧೯೮೭ರಲ್ಲಿ, ಐಡಹೊ ವಿಶ್ವವಿದ್ಯಾನಿಲಯ ತನ್ನ ಸಂಗೀತ ಶಾಲೆಗೆ ಅವರ ಹೆಸರನ್ನಿಟ್ಟಿತು. ಒಂದು ಶಾಲೆ ಆತನಿಗೆ ಡೋಲಿನ ಕೋಲು ಕೊಟ್ಟಿತು. ಮತ್ತೊಂದು ಶಾಲೆ ಆತನ ಹೆಸರನ್ನು ಪಡೆಯಿತು. ಆ ಸನ್ಯಾಸಿನಿ, ಡೋಲು ಶಾಲೆಗೆ ಸಲ್ಲದು ಎಂದಿದ್ದರೆ?

ಅವರ ಬಳಿಕ ಬಂದ ಮಿಲ್ಟ್ ಜಾಕ್ಸನ್ (೧೯೨೩-೧೯೯೯) ಎಂಬ ವೈಬ್ರಫೋನ್ ವಾದಕರು ಆ ಬಿಲ್ಲೆಗಳ ತಿರುಗಾಟವನ್ನು ನಿಧಾನಗೊಳಿಸಿದರು. ಆಗ ಲೋಹದ ಪಟ್ಟಿಯ ನಾದ ಮನುಷ್ಯಕಂಠದ ಕಂಪನಕ್ಕೆ ಹತ್ತಿರವಾಯಿತು. ಬಾಲ್ಯದಲ್ಲಿ ಪ್ರಾರ್ಥನಾಗೀತೆಗಳನ್ನು ಹಾಡಿ ಬೆಳೆದ ಕಂಠ ಅವರದು. ಕದ್ರಿಯವರು ಹಿತ್ತಾಳೆಯಿಂದ ಗಮಕವನ್ನು ಹೊರಡಿಸಿದರು. ಜಾಕ್ಸನ್ ಅಲ್ಯುಮಿನಿಯಮ್ಮಿನಿಂದ ಕಂಠವನ್ನು ಹೊರಡಿಸಿದರು. ಲೋಹಕ್ಕೆ ದೇಶವಿಲ್ಲ, ಅದರೊಳಕ್ಕೆ ಹೋಗುವ ಹಾಡಿಗೆ ತವರುಂಟು. ಆ ತವರನ್ನು ಮಗುವಿಗೆ ತೋರಿಸುವುದು ನಮ್ಮ ಕೆಲಸ.

ಈಗ ನಮ್ಮ ಬೆಟ್ಟಕ್ಕೆ ಬರೋಣ. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು. ತಾಳವಾಡಿ ಈ ಕಡೆಯೇ ಉಳಿಯಿತು. ಗಡಿಕಲ್ಲು ನೆಟ್ಟರು, ಆದರೆ ಮಾದಪ್ಪನ ಕಥೆಯಾಗಲಿ ಕಂಸಾಳೆಯ ತಾಳವಾಗಲಿ ಗಡಿಕಲ್ಲನ್ನು ಕೇಳಿ ನಿಲ್ಲಲಿಲ್ಲ. ಮಂಟೇಸ್ವಾಮಿಯ ಪದ, ಗೊರವರ ಢಮರುಗ, ಸೋಲಿಗರ ಹಾಡು, ಹಬ್ಬದ ತಮಟೆ, ಇವು ಈ ಸೀಮೆಯ ಗಾಳಿಯಲ್ಲಿಯೇ ಇವೆ. ಇವುಗಳನ್ನು ಹಾಡಿ ಬಾರಿಸುವವರ ಮಕ್ಕಳು ನಮ್ಮ ತರಗತಿಗಳಲ್ಲಿಯೇ ಕುಳಿತಿದ್ದಾರೆ. ಆ ಮಗುವಿಗೆ ತಾಳದ ಲೆಕ್ಕ ಅಂಗೈಯಲ್ಲಿದೆ. ನಾವು ಆತನ ಹಾಜರಿ ಕೂಗುತ್ತೇವೆ, ಮಗ್ಗಿ ಒಪ್ಪಿಸಲಿಲ್ಲವೆಂದು ದಂಡಿಸುತ್ತೇವೆ, ಆತನಿಗೆ ಬರುವ ವಿದ್ಯೆಯನ್ನು ಮಾತ್ರ ಎಂದೂ ಕೇಳುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮನ್ನು ಕುರಿತೇ ಹುಟ್ಟಿರಬೇಕು.

ಡಾ. ರಾಜಕುಮಾರ್ ಹುಟ್ಟಿದ್ದು ೧೯೨೯ರಲ್ಲಿ ಇಲ್ಲಿಯ ಗಾಜನೂರಿನಲ್ಲಿ ಎಂದು ನಾವೆಲ್ಲರೂ ಎದೆಯುಬ್ಬಿಸಿ ಹೇಳುತ್ತೇವೆ. ಆ ಬಾಲಕ ಶಾಲೆಯನ್ನು ಬಹಳ ಬೇಗ ಬಿಟ್ಟನು. ಮಾತು, ಹಾಡು, ಅಭಿನಯಗಳನ್ನು ಕಲಿತದ್ದು ರಂಗನಟರಾಗಿದ್ದ ತಂದೆಯ ನೆರಳಿನಲ್ಲಿ, ಗುಬ್ಬಿ ವೀರಣ್ಣನವರ ಕಂಪೆನಿಯಂಥ ನಾಟಕಮಂಡಲಿಗಳಲ್ಲಿ. ೧೯೯೨ರ 'ಜೀವನ ಚೈತ್ರ' ಚಿತ್ರದ ಹಾಡುಗಾರಿಕೆಗಾಗಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಅವರ ಭಾವಚಿತ್ರಕ್ಕೆ ಹಾರ ಹಾಕುವ ನಾವು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಅಂಥ ಕಂಠವುಳ್ಳ ಮಗು ಇಂದು ನಮ್ಮ ಶಾಲೆಗೆ ಬಂದರೆ ನಾವು ಗುರುತಿಸುವೆವೆ? ನಾಟಕ ಕಂಪೆನಿಗಳ ಕಾಲ ಮುಗಿಯಿತು. ಶಾಲೆಯೂ ಕಲಿಸದಿದ್ದರೆ ಆ ಮಗುವಿಗೆ ಉಳಿದಿರುವ ಗುರು ಯಾರು?

ತಮಟೆಯ ಮಾತಿನ ಹಿಂದೆ ಇರುವುದು ಸಂಗೀತದ ವಿಚಾರವಲ್ಲ, ಜಾತಿಯ ವಿಚಾರ ಎಂಬುದನ್ನು ಬಿಚ್ಚಿ ಹೇಳದೆ ಈ ಚರ್ಚೆ ಮುಗಿಯಲಾರದು. ದೇವರ ಮುಂದೆ ತಮಟೆ ಬೇಕು, ಹೆಣದ ಮುಂದೆ ತಮಟೆ ಬೇಕು, ಸರಸ್ವತಿಯ ಪಟದ ಮುಂದೆ ಮಾತ್ರ ಬೇಡ! ಹಾಗೆಂದು, ತಮಟೆಯವರ ಮಗನನ್ನೇ ಕರೆದು, ನಿಮ್ಮದಲ್ಲವೇ, ಬಾರಿಸು ಎಂದು ಹೇಳುವುದೂ ತಪ್ಪು. ಹುಟ್ಟಿನ ಹೊರೆಯಾಗಿ ಹೊತ್ತ ವಾದ್ಯವನ್ನು ಮಗನಾದರೂ ಇಳಿಸಲಿ ಎಂದು ಬಯಸುವ ತಂದೆಯರಿದ್ದಾರೆ; ಆ ಬಯಕೆಗೆ ಮರ್ಯಾದೆ ಸಲ್ಲಬೇಕು. ಶಾಲೆಯಲ್ಲಿ ತಮಟೆ ಬಂದರೆ ಅದು ಎಲ್ಲ ಮಕ್ಕಳ ಕೈಗೂ ಬರಬೇಕು, ಉಪಾಧ್ಯಾಯರ ಕೈಗೆ ಮೊದಲು ಬರಬೇಕು. ಕಲಿಸಲು ಬಂದ ಹಿರಿಯರಿಗೆ ಕುರ್ಚಿ ಹಾಕಿ, ಗುರುಗಳೇ ಎಂದು ಕರೆಯಬೇಕು. ಆಗ ಮಾತ್ರ ಅದು ವಿದ್ಯೆಯಾಗುತ್ತದೆ. ಇಲ್ಲದಿದ್ದರೆ ಹಳೆಯ ಜೀತವೇ ಹೊಸ ವೇದಿಕೆಯ ಮೇಲೆ ಮುಂದುವರಿದಂತೆ.

ಕಡೆಯದು ಪರೀಕ್ಷೆಯ ಮಾತು. ಸಂಗೀತದ ಶಿಕ್ಷಕರಿಲ್ಲ, ವೇಳೆಯಿಲ್ಲ, ಅಂಕಗಳಿಲ್ಲ ಎನ್ನುತ್ತೇವೆ. ಒಪ್ಪೋಣ. ಆದರೆ ಪಾಠವೆಂಬುದು ಪುಸ್ತಕದಲ್ಲಿ ಮಾತ್ರ ಇದೆಯೆ? ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುವುದೇಕೆ ಎಂದು ಮಕ್ಕಳನ್ನು ಕೇಳಿನೋಡಿ. ಚರ್ಮದ ತೇವ ಆರಿ ಅದು ಬಿಗಿಯಾಗುತ್ತದೆ, ಬಿಗಿಯಾದಂತೆ ಕಂಪನ ಶೀಘ್ರವಾಗಿ ಸ್ವರ ಏರುತ್ತದೆ. ಇದು ವಿಜ್ಞಾನದ ಪಾಠ. ಉದ್ದ ಬೇರೆ ಬೇರೆಯಾದ ಬಿದಿರಿನ ತುಂಡುಗಳನ್ನು ಊದಿಸಿದರೆ, ಕೊಳವೆ ಚಿಕ್ಕದಾದಂತೆ ಸ್ವರ ಏರುವುದೆಂಬುದು ಕಿವಿಗೇ ತಿಳಿಯುತ್ತದೆ. ವೈಬ್ರಫೋನಿನ ಕೆಳಗೆ ತೂಗುವ ಕೊಳವೆಗಳು ಒಂದೊಂದು ಒಂದೊಂದು ಉದ್ದವಿರುವುದೂ ಇದಕ್ಕೇ. ಆದಿತಾಳದ ಎಂಟು ಅಕ್ಷರಗಳು ನಾಲ್ಕು, ಎರಡು, ಎರಡು ಎಂದು ಒಡೆಯುವುದು ಗಣಿತದ ಪಾಠ. ತಾತನಿಂದ ಕೇಳಿದ ಮಾದಪ್ಪನ ಕಥೆಯನ್ನು ಬರೆದು ತರುವುದು ಕನ್ನಡದ ಪಾಠ. ಇದಕ್ಕೆ ಬೇಕಾದುದು ವಾರಕ್ಕೊಂದು ಅವಧಿ, ಮತ್ತು ಧ್ವನಿವರ್ಧಕದ ಬಾಡಿಗೆಗಿಂತ ಕಡಮೆ ಹಣ.

ಕನ್ನಡ ಮಾಧ್ಯಮದ ಶಾಲೆ ಗಡಿಯಲ್ಲಿ ಉಳಿಯಬೇಕೆಂದು ನಾವೆಲ್ಲರೂ ಭಾಷಣ ಮಾಡುತ್ತೇವೆ. ತಮಿಳುನಾಡಿನ ೨೦೦೬ರ ಕಾಯಿದೆಯಿಂದ ತಮಿಳು ಕಡ್ಡಾಯ ಪಾಠವಾಗಿದೆ. ಇಂಗ್ಲಿಷ್ ಬೇಕೆಂದು ತಂದೆತಾಯಿಗಳೇ ಕೇಳುತ್ತಾರೆ. ಮಕ್ಕಳು ಅವೆರಡನ್ನೂ ಚೆನ್ನಾಗಿ ಕಲಿಯಲಿ, ಬಾಳಿಗೆ ಬೇಕು. ಆದರೆ ಕನ್ನಡ ಶಾಲೆ ತಾನೊಂದೇ ಕೊಡಬಲ್ಲುದು ಏನನ್ನಾದರೂ ಕೊಡದಿದ್ದರೆ, ಅದನ್ನು ಯಾರಾದರೂ ಏಕೆ ಉಳಿಸಿಕೊಳ್ಳಬೇಕು? ಈ ಬೆಟ್ಟದ ಹಾಡು, ಕಥೆ, ತಾಳಗಳು ಕನ್ನಡದಲ್ಲಿವೆ. ಅವುಗಳನ್ನು ಬಾಗಿಲ ಹೊರಗೆ ನಿಲ್ಲಿಸಿದ ಶಾಲೆ ಹೆಸರಿಗೆ ಮಾತ್ರ ಕನ್ನಡ ಶಾಲೆ.

ವಿದ್ಯಾರ್ಥಿ ಮಿತ್ರರಿಗೂ ಒಂದು ಮಾತು. ಹ್ಯಾಂಪ್ಟನ್ನರಿಗೆ ವೈಬ್ರಫೋನ್ ದೊರೆತದ್ದು ಅದೃಷ್ಟವೆಂದು ತಿಳಿಯಬೇಡಿ. ಮೂಲೆಯಲ್ಲಿದ್ದ ವಾದ್ಯವನ್ನು ತೋರಿಸಿದ ದಿನ ಅವರ ಕೈ ಸಿದ್ಧವಾಗಿತ್ತು. ಕದ್ರಿಯವರ ಇಪ್ಪತ್ತು ವರ್ಷಗಳನ್ನು ಮರೆಯಬೇಡಿ. ಕೊಳಲೋ, ಕಂಸಾಳೆಯೋ, ಕೀಬೋರ್ಡೋ, ಕೈಗೆ ಸಿಕ್ಕಿದ್ದನ್ನು ಹಿಡಿಯಿರಿ. ಹಿಡಿದುದನ್ನು ಬಿಡಬೇಡಿ.

ಉಪಾಧ್ಯಾಯ ಬಂಧುಗಳೆ, ಬರುವ ವಾರ್ಷಿಕೋತ್ಸವದಲ್ಲಿ ಒಂದೇ ಒಂದು ಬದಲಾವಣೆಯನ್ನು ಮಾಡೋಣ. ಅರ್ಧ ಗಂಟೆ ಧ್ವನಿವರ್ಧಕವನ್ನು ನಿಲ್ಲಿಸಿ, ಮಕ್ಕಳೇ ಬಾರಿಸಿ, ಊದಿ, ಹಾಡಲಿ. ಅಪಸ್ವರ ಬರುತ್ತದೆ, ಬರಲಿ. ಯಂತ್ರ ಹಾಡಿದ ಸುಸ್ವರಕ್ಕಿಂತ ಮಗು ನುಡಿಸಿದ ಅಪಸ್ವರ ಶಾಲೆಗೆ ಹೆಚ್ಚಿನ ಶೋಭೆ. ಏಕೆಂದರೆ ಅದನ್ನು ತಿದ್ದಲು ಬರುತ್ತದೆ, ಮತ್ತು ತಿದ್ದುವುದೇ ನಮ್ಮ ಕಸುಬು.